ಯಾವೂರಾಯ್ತು?

ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಸುತ್ತ ಪರದೇಶದವರು ಕಂಡರೆ ಎಲ್ಲಿಂದ ಬಂದರೆಂದು ಊಹಿಸುವುದು ಸುಲಭ. ಬಿಳಿ ಜುಬ್ಬ, ಹೆಗಲಿಗೆ ಜೋಳಿಗೆ, ಮುಖದಲ್ಲಿ ಅಪಾರ ಶಾಂತಿ ಇದ್ದರೆ ಕನಕಪುರ ರಸ್ತೆಯ ಆಶ್ರಮದವರು. ಮುಖದಲ್ಲಿ ಗಾಬರಿ ಇದ್ದರೆ ಈಗಷ್ಟೇ ಆಟೋ ಇಳಿದವರು. ಹೂ ಮಾರುವಾಕೆ ಮೊಳ ಹಾಕುತ್ತಿದ್ದ ಕೈ ನಿಲ್ಲಿಸಿ ಅವರನ್ನು ಕಣ್ತುಂಬ ನೋಡುತ್ತಾಳೆ. ನಮ್ಮ ಕಡೆ ಕದ್ದು ನೋಡುವ ಬಾಬತ್ತೇ ಇಲ್ಲ. ಅದೇನಿದ್ದರೂ ಮಲ್ಲೇಶ್ವರದವರಿಗೆ.

ಮಂಗಳವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆ ರಾಹುಕಾಲ. ಬನಶಂಕರಿ ಗುಡಿಯಲ್ಲಿ ಹೆಂಗಸರು ನಿಂಬೆ ಹೋಳನ್ನು ಮಗುಚಿ ದೀಪ ಹಚ್ಚುವುದನ್ನು ಒಬ್ಬ ವಿದೇಶಿ ಹುಡುಗಿ ಬಗ್ಗಿ ಫೋಟೋ ತೆಗೆಯುತ್ತಿದ್ದಳು. ಅಷ್ಟರಲ್ಲಿ ಹತ್ತಾರು ಮೊಬೈಲುಗಳು ಅವಳತ್ತ ತಿರುಗಿದ್ದವು. ಒಬ್ಬ ಅಜ್ಜಿ ಅವಳ ಹಣೆಗೆ ಕುಂಕುಮವಿಟ್ಟು, ಕೈಗೊಂದು ಹೋಳು ಕೊಟ್ಟು, "ನೀನೂ ಹಚ್ಚಮ್ಮ, ಬೇಗ ಮದುವೆಯಾಗುತ್ತೆ" ಎಂದರು. ಪಕ್ಕದಲ್ಲಿದ್ದವನು ಗಂಡನೋ ಅಲ್ಲವೋ ಎಂಬ ವಿಚಾರಣೆಯೂ ಅಲ್ಲೇ ನಡೆಯಿತು.

ಯಾವ ದೇಶ, ಮದುವೆಯಾಗಿದೆಯೇ, ಮಕ್ಕಳೆಷ್ಟು, ಸಂಬಳವೆಷ್ಟು? ಶಿವಮೊಗ್ಗದಿಂದ ಬಂದ ಹೊಸ ಬಾಡಿಗೆದಾರರನ್ನೂ ನಾವು ಇದನ್ನೇ ಕೇಳುವುದು. ವಿದೇಶಿಯರಿಗೆ ಒಂದೇ ರಿಯಾಯಿತಿ: "ನಿಮ್ಮದು ಯಾವ ಪೈಕಿ?" ಎಂದು ಸುತ್ತಿ ಬಳಸಿ ಜಾತಿ ಕೇಳುವುದಿಲ್ಲ.

ಈ ಆದರ ಎಲ್ಲರಿಗೂ ಇಲ್ಲ. ಬಿಟಿಎಂ ಲೇಔಟಿನಲ್ಲಿ ಮನೆ ಹುಡುಕುವ ಆಫ್ರಿಕಾದ ವಿದ್ಯಾರ್ಥಿಗೆ ನೋಟ ಸಿಗುತ್ತದೆ, ನಿಂಬೆಹಣ್ಣು ಸಿಗುವುದಿಲ್ಲ. ಟು-ಲೆಟ್ ಬೋರ್ಡಿದ್ದ ಮನೆ ಅವನು ಗೇಟು ಮುಟ್ಟುವಷ್ಟರಲ್ಲಿ ಭರ್ತಿಯಾಗಿರುತ್ತದೆ. ಮಣಿಪುರದ ಹುಡುಗಿಯನ್ನಂತೂ ಯಾವ ದೇಶವೆಂದು ಕೇಳಿ, ಉತ್ತರ ಕೇಳಿದ ಮೇಲೂ ನಂಬದವರಿದ್ದಾರೆ. ಇದನ್ನು ಕುತೂಹಲ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಪ್ರಶ್ನೆಗಳು ನಿಲ್ಲಬೇಕಾದರೆ ಇಲ್ಲೇ ಇದ್ದುಬಿಡಬೇಕು. ಜರ್ಮನಿಯ ಕ್ರುಂಬಿಗಲ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು. ಲಾಲ್‌ಬಾಗ್ ನೋಡಿಕೊಂಡು, ಊರಿಗೆಲ್ಲ ಹೂಮರ ನೆಡಿಸಿ, 1956ರಲ್ಲಿ ಬೆಂಗಳೂರಲ್ಲೇ ತೀರಿಕೊಂಡರು. ಈಗ ಆಟೋದವರು "ಕ್ರುಂಬಿಗಲ್ ರೋಡಾ? ಮೀಟರ್ ಮೇಲೆ ಇಪ್ಪತ್ತು ಕೊಡಿ" ಅನ್ನುತ್ತಾರೆಯೇ ಹೊರತು ಆತ ಯಾವೂರಿನವನೆಂದು ತಲೆ ಕೆಡಿಸಿಕೊಳ್ಳುವುದಿಲ್ಲ.

ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋಗಿದ್ದ ನಮ್ಮ ಪಕ್ಕದ ಮನೆಯವರ ದೂರೇ ಬೇರೆ. ರೇಷ್ಮೆ ಸೀರೆ, ಮೇಲೊಂದು ಸ್ವೆಟರು, ಕಾಲಿಗೆ ಅಳಿಯನ ಶೂ ಹಾಕಿಕೊಂಡು ದಿನಾ ವಾಕಿಂಗ್ ಹೋದರೂ ಒಬ್ಬರೂ ತಿರುಗಿ ನೋಡಲಿಲ್ಲವಂತೆ. "ಎದುರು ಮನೆಯಾಕೆ ಹಾಯ್ ಅಂತಾಳೆ, ಹೋಗ್ತಾಳೆ. ಇವತ್ತು ಏನು ಹುಳಿ ಅಂತ ಒಂದು ದಿನ ಕೇಳಲಿಲ್ಲ ಕಣ್ರೀ!" ಆ ಬಾಕಿಯನ್ನು ಅವರೀಗ ಜೆ.ಪಿ. ನಗರದ ಮಿನಿ ಫಾರೆಸ್ಟಿನಲ್ಲಿ ತೀರಿಸಿಕೊಳ್ಳುತ್ತಿದ್ದಾರೆ. ಅಲ್ಲಿಗೆ ವಾಕಿಂಗ್ ಬರುವ ಫ್ರೆಂಚ್ ದಂಪತಿಯ ಬಾಡಿಗೆ, ಅಡ್ವಾನ್ಸು, ಪ್ಯಾರಿಸ್ಸಿನಲ್ಲಿರುವ ಅತ್ತೆಯ ಮಂಡಿನೋವು, ಎಲ್ಲ ವಿವರವೂ ಅವರಲ್ಲಿದೆ. ಮಂಡಿಗೆ ನೀಲಗಿರಿ ಎಣ್ಣೆಯನ್ನೂ ಕೊಟ್ಟು ಕಳಿಸಿದ್ದಾರೆ.