ಬೇಸ್ ಕಾಣೆಯಾಗಿದೆ!

2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಲ್ ಬ್ಯಾಂಡ್ ಮೆಟಾಲಿಕಾ ನುಡಿಸಿ ಹೋಯಿತು. ಬೆಂಗಳೂರಿನ ಮನೆ ಓನರ್‌ಗಳ ನೆಮ್ಮದಿಯನ್ನೂ ಜೊತೆಗೆ ಒಯ್ದಿತು. ಹುಡುಗರೆಲ್ಲ ಬ್ಯಾಂಡ್ ಕಟ್ಟುವ ಹುಚ್ಚಿಗೆ ಬಿದ್ದರೆ, ನಾನು ಅದಕ್ಕೂ ಮೇಲಿನ ಹುಚ್ಚಿಗೆ ಬಿದ್ದೆ: ಮಿಕ್ಸಿಂಗ್, ಅಂದರೆ ವಾದ್ಯಗಳ ಸದ್ದನ್ನೆಲ್ಲ ಹದವಾಗಿ ಬೆರೆಸುವುದು. ಮೈದಾನದಲ್ಲಿ ಎದೆಗೆ ಗುದ್ದಿದ ಆ ಸದ್ದು ನನ್ನ ಹತ್ತಡಿ ಚದರದ ಬಾಡಿಗೆ ಕೋಣೆಯಲ್ಲೂ ಗುದ್ದಬೇಕು ಎಂದು ಪಣ ತೊಟ್ಟೆ.

ಡ್ರಮ್ಸ್ ಇಡಲು ಜಾಗವಿಲ್ಲದ್ದರಿಂದ ಅದು ಕಂಪ್ಯೂಟರಿನೊಳಗೇ ಇತ್ತು. ಗಿಟಾರ್ ನನ್ನದು, ಆಳದ ಸದ್ದಿನ ಬೇಸ್ ಗಿಟಾರ್ ಗೆಳೆಯನದು. ಕೋಣೆಯ ನಟ್ಟನಡುವೆ ಕುರ್ಚಿ ಹಾಕಿ, ಮಹಾರಾಜನಂತೆ ಕೂತು ಹಾಡು ಹಾಕಿದರೆ ಬೇಸ್ ನಾಪತ್ತೆ! ಏರಿಸಿದೆ. ಇಲ್ಲ. ಇನ್ನಷ್ಟು ಏರಿಸಿದೆ. ಆಗಲೂ ಇಲ್ಲ. ಡ್ರಮ್ಸ್‌ನಲ್ಲಿ ದಪ್ಪ ಸದ್ದಿನ ಕಿಕ್ ಡ್ರಮ್ಮಿನದೂ ಅದೇ ಕಥೆ. ಕೊನೆಗೆ ಅದರ 4,000 ಹರ್ಟ್ಸ್ ಭಾಗವನ್ನು ಎತ್ತಿದ್ದಕ್ಕೆ ಟಿಕ್ ಟಿಕ್ ಅಂತ ಹಲ್ಲಿ ಲೊಚಗುಟ್ಟಿದ ಹಾಗಾಯಿತು.

"ಲೋ, ನಾನು ಈ ಹಾಡಲ್ಲಿ ಇದ್ದೀನೇನೋ?" ಎಂದ ಗೆಳೆಯ.

1988ರಲ್ಲಿ ಬಂದ ಮೆಟಾಲಿಕಾದ 'ಆ್ಯಂಡ್ ಜಸ್ಟಿಸ್ ಫಾರ್ ಆಲ್' ಆಲ್ಬಮ್ಮಿನಲ್ಲಿ ಜೇಸನ್ ನ್ಯೂಸ್ಟೆಡ್ ನುಡಿಸಿದ ಬೇಸೇ ಕೇಳಿಸದಷ್ಟು ಅಡಗಿಹೋಗಿದೆ ಎಂದು ಸಮಾಧಾನ ಹೇಳಿದೆ.

"ಅವನಿಗೆ ದುಡ್ಡಾದರೂ ಸಿಕ್ಕಿರುತ್ತೆ. ನೀನು ಒಂದು ಲೋಟ ಟೀನೂ ಕುಡಿಸಿಲ್ಲ."

ಹಟಕ್ಕೆ ಬಿದ್ದು ಬೇಸಿನ ನಾಬನ್ನು ಕೊನೆಯವರೆಗೆ ತಿರುಗಿಸಿದೆ. ಯಾರೋ ಬಾಗಿಲನ್ನು ದಬದಬ ಬಡಿದರು. ತೆಗೆಯಲೆಂದು ಎದ್ದು ಗೋಡೆಯ ಹತ್ತಿರ ಬಂದೆ, ಅಷ್ಟೆ. ಅಷ್ಟು ದಿನ ತಲೆಮರೆಸಿಕೊಂಡಿದ್ದ ಬೇಸ್ ಹೊಟ್ಟೆಗೇ ಗುದ್ದಿತು. ಬಾಗಿಲಾಚೆ ಓನರ್ ಆಂಟಿ.

"ಏನಪ್ಪಾ, ಬೋರ್‌ವೆಲ್ ಕೊರೆಸೋ ಮುಂಚೆ ನಮ್ಮನ್ನೊಂದು ಮಾತು ಕೇಳಬಾರದಾ? ಕೆಳಗೆ ಸ್ಟ್ಯಾಂಡಲ್ಲಿರೋ ಪಾತ್ರೆಗಳೆಲ್ಲ ಕುಣೀತಾ ಇವೆ!"

ಬೀದಿಗೆಲ್ಲ ಕೇಳಿಸಿದ ಬೇಸ್ ನನ್ನೊಬ್ಬನಿಗೇ ಕೇಳಿಸಿರಲಿಲ್ಲ. ಕಾರಣ ಭೌತಶಾಸ್ತ್ರದ್ದು. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಅಲೆ ಸಿಕ್ಕಿಕೊಂಡು, ಗೋಡೆಯ ಬಳಿ ಉಬ್ಬುತ್ತದೆ, ಸರಿಯಾಗಿ ನಡುವೆ ಅಡಗುತ್ತದೆ. ಮಹಾರಾಜರ ಸಿಂಹಾಸನ ಇದ್ದದ್ದು ಅಲ್ಲೇ. ಕಿಕ್ಕಿನ ತೂಕವಿರುವುದು 60 ಹರ್ಟ್ಸ್ ಆಸುಪಾಸಿನಲ್ಲಿ, ಬೇಸಿನ ದಪ್ಪ ತಂತಿ ಶುರುವಾಗುವುದು 41ರಿಂದ. ಎರಡಕ್ಕೂ ಒಂದೇ ಜಾಗ ಬೇಕು, ಮೇಲಿಂದ ನನ್ನ ಗಿಟಾರೂ ಅಲ್ಲೇ ಬಂದು ಗುರುಗುಟ್ಟುತ್ತಿತ್ತು.

ಕುರ್ಚಿಯನ್ನು ನಡುವಿನಿಂದ ಸರಿಸಿದೆ. ಗಿಟಾರಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ ಎಸೆದೆ. ಕಿಕ್ ಬಿದ್ದಾಗಲೆಲ್ಲ ಬೇಸ್ ಒಂದು ಕ್ಷಣ ತಲೆ ತಗ್ಗಿಸುವಂತೆ ಕಂಪ್ರೆಸರ್ ಕಟ್ಟಿದೆ. ಮೊಬೈಲಿನ ಪುಟ್ಟ ಸ್ಪೀಕರಿಗೆ ಆಳದ ಸದ್ದು ದಕ್ಕುವುದಿಲ್ಲವೆಂದು ಬೇಸಿನ ಇನ್ನೊಂದು ಪ್ರತಿಗೆ ಸದ್ದನ್ನು ಒರಟಾಗಿಸುವ ಡಿಸ್ಟಾರ್ಶನ್ ಬಳಿದು ಮೇಲಿಟ್ಟೆ. ಗೆಳೆಯ ಮೊಬೈಲಿನಲ್ಲೇ ಕೇಳಿ, "ಇದೀನಿ ಕಣೋ!" ಎಂದು ಕೂಗಿದ. ಟೀ ಕುಡಿಸಿದೆ. ಪಾತ್ರೆಗಳು ಶಾಂತವಾದವು, ಬಾಡಿಗೆ ಮಾತ್ರ ಮುಂದಿನ ತಿಂಗಳಿನಿಂದ ಏರಿತು.

ಮನೆಯಲ್ಲೇ ಮೆಟಲ್ ಮಿಕ್ಸ್ ಮಾಡುವ ಮಹನೀಯರಲ್ಲಿ ವಿನಂತಿ: ಬೇಸ್ ಕೇಳಿಸದಿದ್ದರೆ ನಾಬ್ ಮುಟ್ಟಬೇಡಿ. ಎದ್ದು ಕೋಣೆಯನ್ನೊಮ್ಮೆ ಸುತ್ತಿ ಬನ್ನಿ. ಗೋಡೆಯ ಹತ್ತಿರವೂ ಸಿಗದಿದ್ದರೆ ಆಗ ಧಾರಾಳವಾಗಿ ಬೇಸ್ ನುಡಿಸಿದವನನ್ನು ಬೈಯಿರಿ.