ಡಿಸ್ಪ್ಯಾಚ್ ಮಾವ

ಬೇರೆ ವಿಭಾಗದವರು ನಿವೃತ್ತರಾದರೆ ಮನೆಗೆ ಬರುತ್ತಾರೆ. ಡಿಸ್ಪ್ಯಾಚ್ ವಿಭಾಗದವರು ಮನೆಯನ್ನೇ ಡಿಸ್ಪ್ಯಾಚ್ ವಿಭಾಗ ಮಾಡಿಕೊಳ್ಳುತ್ತಾರೆ. ಅಹಮದಾಬಾದಿನ ವಟ್ವಾ ಜಿಐಡಿಸಿ ಕೈಗಾರಿಕಾ ಪ್ರದೇಶದ ಯಾವುದೋ ಬಣ್ಣದ ಡೈ ಕಾರ್ಖಾನೆಯಲ್ಲಿ ಸರ್ವೀಸಿನುದ್ದಕ್ಕೂ ಡ್ರಮ್ಮಿಗೆ ಮುಚ್ಚಳ ಬಿಗಿಸಿ, 25 ಕಿಲೋ ಚೀಲಗಳಿಗೆ ಹೊಲಿಗೆ ಹಾಕಿಸಿ, ಬಿಲ್ಟಿ ಬರೆಸಿ ಲಾರಿ ಹತ್ತಿಸಿದ ಕನ್ನಡಿಗ ಹಿರಿಯರೊಬ್ಬರನ್ನು ಕಲ್ಪಿಸಿಕೊಳ್ಳಿ. ಒಂದು ಚೀಲ ಬಿರಿದರೆ ಲಾರಿ, ಹಮಾಲ, ರಸ್ತೆ ಎಲ್ಲವೂ ಒಂದೇ ಗುಲಾಬಿ ಬಣ್ಣಕ್ಕೆ ತಿರುಗುವ ಕಸುಬಿನಲ್ಲಿ ಪಳಗಿದ ಜೀವ ಅದು. ಟಿವಿ ಬಂದ ಡಬ್ಬವನ್ನು ರದ್ದಿ ಕೊಳ್ಳುವ ಪಸ್ತಿಯವನಿಗೆ ಹಾಕಲು ಇವರು ಬಿಡುವುದಿಲ್ಲ. ಮದುವೆಗೆ ಹೋದರೆ ಉಡುಗೊರೆ ಏನೆಂದು ನೋಡುವುದಿಲ್ಲ, ಟೇಪು ಹೇಗೆ ಎಳೆದಿದ್ದಾರೆಂದು ನೋಡುತ್ತಾರೆ. ಯಾವ ಪೆಟ್ಟಿಗೆ ಕಂಡರೂ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ, ‘ತ್ರೀ ಪ್ಲೈ’ ಎಂದು ಮುಖ ಸಿಂಡರಿಸುತ್ತಾರೆ. ನೆಂಟರ ಮಕ್ಕಳೆಲ್ಲ ಕರೆಯುವಂತೆ ನಾವೂ ಇವರನ್ನು ಡಿಸ್ಪ್ಯಾಚ್ ಮಾವ ಎನ್ನೋಣ.

ಮಾವನ ಇಳಿವಯಸ್ಸಿನ ಹುಚ್ಚು ರೇಡಿಯೊ ನಿಯಂತ್ರಿತ ದೋಣಿ. ಅದನ್ನು ಕಟ್ಟುವುದು ಎರಡನೆಯ ಮಾತು, ನಿಜವಾದ ಸಂತೋಷ ಇರುವುದು ಕಳಿಸುವುದರಲ್ಲಿ. ಮಂಗಳೂರಿನಲ್ಲಿ ಎನ್‌ಸಿಸಿಯ ನೌಕಾ ವಿಭಾಗ ಸೇರಿದ ಸೋದರಳಿಯನಿಗೆ ಶಿಪ್ ಮಾಡೆಲಿಂಗ್‌ನ ಗೀಳು ಹತ್ತಿತೆಂದರೆ ಇವರಿಗೆ ನೆಪ ಸಿಕ್ಕಿತು. ದೋಣಿ ಕಟ್ಟಲು ಎರಡು ತಿಂಗಳು, ಪ್ಯಾಕ್ ಮಾಡಲು ಮೂರು ತಿಂಗಳು ಎಂದು ಅತ್ತೆ ಆಡಿಕೊಳ್ಳುತ್ತಾರೆ. ದೂರದಿಂದ ದೋಣಿ ನಡೆಸುವ ಸಮಸ್ಯೆಯನ್ನು ನಿಕೋಲಾ ಟೆಸ್ಲಾ 1898ರಲ್ಲೇ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಎಲ್ಲರೆದುರು ಬಗೆಹರಿಸಿಬಿಟ್ಟ. ದೋಣಿಯನ್ನೇ ದೂರಕ್ಕೆ ಮುಟ್ಟಿಸುವ ಸಮಸ್ಯೆ ಮಾತ್ರ ಇನ್ನೂ ಮಾವನ ಕೈಯಲ್ಲೇ ಇದೆ. ಸೊಸೈಟಿಯವರು ನಗುತ್ತಾರೆ. ನನ್ನ ವಾದವೇನೆಂದರೆ, ನಗುವವರ ಲೆಕ್ಕ ತಪ್ಪು, ಮಾವನ ಲೆಕ್ಕ ಸರಿ. ಪಾರ್ಸೆಲ್ ದೋಣಿಯನ್ನು ಒಡೆಯುವವನು ಹೊರಗಿನ ಹಮಾಲನೆಂದು ಲೋಕ ನಂಬಿದೆ; ಒಡೆಯುವುದು ಡಬ್ಬದೊಳಗೆ ದೋಣಿಯ ಜೊತೆಗೇ ಮಲಗಿದ ಅದರ ಸ್ವಂತ ಭಾಗಗಳು ಎಂದು ಮಾವ ಬಲ್ಲರು.

ಪುರಾವೆಗೆ ಹಾಯಿದೋಣಿಯನ್ನೇ ತೆಗೆದುಕೊಳ್ಳಿ. ಇಂಟರ್‌ನ್ಯಾಷನಲ್ ಒನ್ ಮೀಟರ್ ಎಂಬ ವರ್ಗದ ನಿಯಮದಂತೆ ದೋಣಿಯ ಒಡಲು ಒಂದು ಮೀಟರ್ ಮೀರುವಂತಿಲ್ಲ, ಒಟ್ಟು ತೂಕ 4 ಕಿಲೋಗಿಂತ ಕಡಿಮೆ ಇರುವಂತಿಲ್ಲ. ಅದರಲ್ಲಿ ಕೆಳಗೆ ಇಳಿಬಿದ್ದ ಕೀಲ್ ಮತ್ತು ಅದರ ತುದಿಯ ಸೀಸದ ಗುಂಡೇ 2.2ರಿಂದ 2.5 ಕಿಲೋ. ಅಂದರೆ ದೋಣಿಯ ಅರ್ಧಕ್ಕಿಂತ ಹೆಚ್ಚು ಭಾರ ಒಂದು ಕಡೆ, ಮೊಟ್ಟೆಚಿಪ್ಪಿನಂಥ ಫೈಬರ್ ಗ್ಲಾಸ್ ಒಡಲು ಇನ್ನೊಂದು ಕಡೆ. ಪ್ಯಾಕಿಂಗ್ ಪರೀಕ್ಷೆ ಮಾಡುವವರು ಇಷ್ಟು ಹಗುರವಾದ ಪೆಟ್ಟಿಗೆಯನ್ನು ಸುಮಾರು 76 ಸೆಂಟಿಮೀಟರ್ ಎತ್ತರದಿಂದ ಹತ್ತು ಸಲ ಬೀಳಿಸುತ್ತಾರೆ: ಒಂದು ಮೂಲೆ, ಮೂರು ಅಂಚು, ಆರು ಮೈ. ಆ ಎತ್ತರದಿಂದ ಬಿದ್ದ ವಸ್ತು 2 ಸೆಂಟಿಮೀಟರ್ ಮೆತ್ತೆಯಲ್ಲಿ ನಿಂತರೆ ಅದರ ಮೇಲೆ ಸರಾಸರಿ ತನ್ನ ತೂಕದ 38 ಪಟ್ಟು ಬಲ. 2.3 ಕಿಲೋ ಸೀಸ ಆ ಕ್ಷಣಕ್ಕೆ 87 ಕಿಲೋದ ಗಟ್ಟಿ ಆಸಾಮಿಯಾಗಿ ಒಡಲನ್ನು ತುಳಿಯುತ್ತದೆ. ಮೆತ್ತೆ 2 ಮಿಲಿಮೀಟರ್ ಮಾತ್ರ ಕೊಟ್ಟರೆ ಆಸಾಮಿಯ ತೂಕ 870 ಕಿಲೋ. ಹಮಾಲ ಪಾಪ ಎಸೆದದ್ದು ಒಂದೇ ಸಲ; ಒಳಗಿನ ಸೀಸ ಹತ್ತು ಸಲ ಕುಪ್ಪಳಿಸಿತು. ಆದ್ದರಿಂದ ಮಾವ ಕೀಲ್ ಬಿಚ್ಚಿ ಬೇರೆ ಡಬ್ಬದಲ್ಲಿ ಕಳಿಸುತ್ತಾರೆ, ಹಾಯಿಕಂಬವನ್ನು ಪಿವಿಸಿ ಪೈಪಿನೊಳಗೆ ತೂರಿಸುತ್ತಾರೆ, ಮೋಟಾರು ದೋಣಿಯಾದರೆ ಹಿತ್ತಾಳೆಯ ಪ್ರೊಪೆಲರ್ ಕಳಚಿ ಪೊಟ್ಟಣ ಕಟ್ಟುತ್ತಾರೆ. ನೋಡುವವರಿಗೆ ಇದು ಒಂದು ದೋಣಿಯ ಐದು ಶ್ರಾದ್ಧದಂತೆ ಕಾಣುತ್ತದೆ. ಕಾಣಲಿ.

ಸುತ್ತ ಥರ್ಮಕೋಲ್ ತುಂಬಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಥರ್ಮಕೋಲ್ ಒಮ್ಮೆ ಪೆಟ್ಟು ತಿಂದರೆ ತಗ್ಗಿಬಿಡುತ್ತದೆ, ಮತ್ತೆ ಮೇಲೇಳುವುದಿಲ್ಲ; ಅಹಮದಾಬಾದಿನಿಂದ ಮಂಗಳೂರಿಗೆ ಹೋಗುವ ಪಾರ್ಸೆಲ್ ಬೀಳುವುದು ಒಮ್ಮೆಯಲ್ಲ. ಇಪಿಇ ಫೋಮ್ ತಗ್ಗಿ ಮತ್ತೆ ಉಬ್ಬುತ್ತದೆ, ಅದಕ್ಕೇ ಮಾವನಿಗೆ ಅದೇ ಬೇಕು. ಆದರೆ ಅದಕ್ಕಿಂತ ಮುಖ್ಯವಾದ ಸಂಗತಿಯೊಂದು ವಟ್ವಾದಿಂದ ಒಂದೆರಡು ಗಂಟೆ ದಾರಿಯ ಲೋಥಲ್‌ನಲ್ಲಿದೆ. ಅಲ್ಲಿ 1955ರಲ್ಲಿ ಉತ್ಖನನ ಶುರುಮಾಡಿದವರು ಕನ್ನಡಿಗ ಪುರಾತತ್ತ್ವಜ್ಞ ಎಸ್. ಆರ್. ರಾವ್. ಸಿಕ್ಕ ವಸ್ತುಗಳಲ್ಲಿ ಸುಟ್ಟ ಮಣ್ಣಿನ ಪುಟ್ಟ ದೋಣಿಗಳೂ ಇದ್ದವು, ಒಂದರಲ್ಲಿ ಹಾಯಿಕಂಬ ನೆಡುವ ತೂತು ಸಹ ಹಾಗೇ ಉಳಿದಿತ್ತು. ನಾಲ್ಕು ಸಾವಿರ ವರ್ಷ ಅವನ್ನು ಕಾಯ್ದದ್ದು ಬಬಲ್ ರ‍್ಯಾಪ್ ಅಲ್ಲ, ಪ್ರವಾಹ ತಂದು ಒತ್ತಿದ ಹೂಳು. ಹೂಳು ಮೃದುವೂ ಅಲ್ಲ, ದುಬಾರಿಯೂ ಅಲ್ಲ. ಅದು ದೋಣಿಗೆ ಕದಲಲು ಒಂದು ಕೂದಲಿನಷ್ಟೂ ಜಾಗ ಬಿಡಲಿಲ್ಲ, ಅಷ್ಟೆ. ಡಬ್ಬ ಮುಚ್ಚಿದ ಮೇಲೆ ಮಾವ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ‘ಟಕ್’ ಎಂದರೆ ಎಲ್ಲ ಬಿಚ್ಚಿ ಮೊದಲಿನಿಂದ ಶುರುಮಾಡುವುದನ್ನು ಹುಚ್ಚು ಎನ್ನುವವರು ಒಮ್ಮೆ ಲೋಥಲ್ ಮ್ಯೂಸಿಯಂ ನೋಡಿಬರಲಿ.

ಇನ್ನು ಕೆಲವರ ಪರಿಹಾರ ಸ್ಟಿಕ್ಕರು. ಬಟ್ಟಲಿನ ಚಿತ್ರ ಅಂಟಿಸಿದರೆ ಎಲ್ಲರೂ ಮೆಲ್ಲಗೆ ಇಡುತ್ತಾರಂತೆ. ಪಾನನಿಷೇಧವಿರುವ ಗುಜರಾತಿನಲ್ಲಿ ಪೆಟ್ಟಿಗೆಯ ಮೇಲೆ ಉದ್ದ ಕಾಲಿನ ಬಟ್ಟಲು ಕಂಡರೆ ಕಾಳಜಿಗಿಂತ ಕುತೂಹಲ ಹುಟ್ಟುವ ಸಂಭವವೇ ಹೆಚ್ಚು. ಭಾವನಗರದ ಕಡೆಯ ಅಲಂಗ್‌ನಲ್ಲಿ ಹಡಗು ಒಡೆಯಲು ಸರ್ಕಾರದ ಪರವಾನಗಿ ಬೇಕು, ಗೋಡೌನಿನಲ್ಲಿ ಬೇಡ. ಇದು ಮಾವನ ಶಾಶ್ವತ ದೂರು.

ಗಟ್ಟಿಯಾದ ಆಕ್ಷೇಪ ದುಡ್ಡಿನದು, ಅದನ್ನು ತೇಲಿಸಿ ಹೇಳಬಾರದು. ವಿಮಾನದ ಕೊರಿಯರ್‌ನವರು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ; ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಹಣ. 100, 30, 35ರ ಡಬ್ಬ 21 ಕಿಲೋ ಎನಿಸಿಕೊಳ್ಳುತ್ತದೆ. ಮಾವ ಡಬ್ಬದೊಳಗೆ ಡಬ್ಬ ಇಟ್ಟು ಸುತ್ತಲೂ 5 ಸೆಂಟಿಮೀಟರ್ ಮೆತ್ತೆ ಕೊಟ್ಟರೆ 110, 40, 45 ಆಗಿ ತೂಕ 39.6 ಕಿಲೋಗೆ ಏರುತ್ತದೆ. ಕೀಲ್ ಬಿಚ್ಚಿದ ಮೇಲೆ ಒಳಗಿರುವ ದೋಣಿ ಎರಡು ಕಿಲೋ ಮುಟ್ಟುವುದಿಲ್ಲ. ಉಳಿದದ್ದು ಗಾಳಿ, ವಟ್ವಾದ ಗಾಳಿ, ಅದಕ್ಕೆ ಕಿಲೋ ಲೆಕ್ಕದಲ್ಲಿ ಬಾಡಿಗೆ! ಮೇಲ್ನೋಟಕ್ಕೆ ಇಲ್ಲಿ ಮಾವ ಸೋತರು. ಆದರೆ ಅವರು ವಿಮಾನದಲ್ಲಿ ಕಳಿಸುವುದೇ ಇಲ್ಲ. ಅಳಿಯನಿಗೆ ನಾಳೆ ಬೆಳಿಗ್ಗೆಯೇ ನೌಕಾಯುದ್ಧವೇನೂ ಇಲ್ಲ. ನಿಧಾನದ ಲಾರಿಗೋ ರೈಲಿನ ಪಾರ್ಸೆಲ್ಲಿಗೋ ಹಾಕುತ್ತಾರೆ. ಹೀಗೆ ಉಳಿಸಿದ ದುಡ್ಡೇ ಫೋಮಿನ ದುಡ್ಡು.

ಹಾಗಾದರೆ ಕೈಯಲ್ಲೇ ಒಯ್ಯಬಹುದಲ್ಲ? ಸೂರತ್ತಿನ ವಜ್ರದವರು ಕೋಟಿಯ ಮಾಲನ್ನು ಕಾಗದದ ಪಡೀಕಿನಲ್ಲಿ ಮಡಚಿ ಆಂಗಡಿಯಾ ಎಂಬ ನಂಬಿಗಸ್ತ ಅಂಚೆಯವನ ಕೈಗೆ ಕೊಡುತ್ತಾರೆ, ಆತ ರಾತ್ರಿ ಗಾಡಿ ಹತ್ತಿ ಮುಂಬೈ ಮುಟ್ಟಿಸುತ್ತಾನೆ. ವಜ್ರಕ್ಕೆ ಇರುವ ಭಯ ಕಳ್ಳನದು ಮಾತ್ರ. ದೋಣಿಯನ್ನು ಯಾರೂ ಕದಿಯುವುದಿಲ್ಲ, ಬರ್ತಿನಡಿಯಲ್ಲಿ ಕಂಡರೆ ಅದರ ಮೇಲೆ ಟ್ರಂಕು ಇಡುತ್ತಾರೆ. ಕೈಯಲ್ಲಿ ಒಯ್ಯಬೇಕಾದದ್ದು ಬ್ಯಾಟರಿ ಒಂದೇ; ಅದನ್ನು ಲಾರಿಯ ಪೆಟ್ಟಿಗೂ ಮಾವ ಒಪ್ಪಿಸುವುದಿಲ್ಲ. ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಕಳಿಸುವುದಕ್ಕೆ 2016ರ ಏಪ್ರಿಲ್ 1ರಿಂದ ನಿಷೇಧವಿದೆ. ಪ್ರಯಾಣಿಕ ಮಾತ್ರ 100 ವ್ಯಾಟ್-ಅವರ್‌ವರೆಗಿನದನ್ನು ಕೈಚೀಲದಲ್ಲಿ ಒಯ್ಯಬಹುದು. ಮಾವನ ವೇಗದ ದೋಣಿಯ 11.1 ವೋಲ್ಟ್, 5000 ಮಿಲಿಆಂಪ್-ಅವರ್ ಬ್ಯಾಟರಿ 55.5ಕ್ಕೆ ನಿಲ್ಲುತ್ತದೆ. ಹಾಗಾಗಿ ಅದನ್ನು ಪ್ರತಿ ಸೆಲ್ಲಿಗೆ 3.8 ವೋಲ್ಟಿಗೆ ಇಳಿಸಿ, ತುದಿಗಳಿಗೆ ಟೇಪು ಸುತ್ತಿ, ರಜೆಗೆ ಊರಿಗೆ ವಿಮಾನದಲ್ಲಿ ಹೊರಟ ಯಾವ ನೆಂಟ ಸಿಕ್ಕರೂ ಅವನ ಚೀಲದಲ್ಲಿ ಸೇರಿಸುತ್ತಾರೆ. ಮಾವನ ಮನೆಗೆ ವಿದಾಯ ಹೇಳಲು ನೆಂಟರು ಈಗೀಗ ಫೋನನ್ನೇ ಬಳಸುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಸಮರ್ಥಿಸಿದ ಮೇಲೂ ಮಾವನ ಪದ್ಧತಿಯಲ್ಲಿ ಒಂದು ದೋಷವನ್ನು ಒಪ್ಪಲೇಬೇಕು. ಅವರು ಕಳಿಸುವವರ ಶಾಸ್ತ್ರ ಬಲ್ಲರು, ಬಿಚ್ಚುವವರ ಸ್ವಭಾವ ಅರಿಯರು. ಮೂರು ಸುತ್ತು ಟೇಪಿನ ಪೆಟ್ಟಿಗೆ ಎದುರಿಗೆ ಬಂದರೆ ಹದಿನೆಂಟರ ಹುಡುಗ ಅಡುಗೆಮನೆಯ ಚಾಕು ತಂದು ನಡುಮಧ್ಯಕ್ಕೆ ಇರಿಯುತ್ತಾನೆ, ಕೆಳಗೆ ಹಾಯಿಬಟ್ಟೆ ಇರುತ್ತದೆ. ಇದಕ್ಕೂ ಮಾವ ಮದ್ದು ಮಾಡಿದ್ದಾರೆ: ಎಲ್ಲಿ ಕೊಯ್ಯಬೇಕು, ಎಷ್ಟು ಆಳ, ಯಾವ ಡಬ್ಬ ಮೊದಲು ಎಂದು ಚಿತ್ರಸಮೇತ ದುಂಡಗೆ ಬರೆದ ಒಂದು ಹಾಳೆ. ಆ ಹಾಳೆ ಮಳೆಗೆ ನೆನೆಯಬಾರದೆಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ನಾಲ್ಕೂ ಕಡೆ ಟೇಪು ಬಿಗಿದು, ಜೋಪಾನವಾಗಿ ಡಬ್ಬದೊಳಗೆ ಇಡುತ್ತಾರೆ.