ಟ್ರ್ಯಾಮ್ ರಾಯರು

ಬೆಂಗಳೂರಿನ ನಿವೃತ್ತರಲ್ಲಿ ಎರಡು ಪಂಗಡ. ಮಕ್ಕಳು ಊರಲ್ಲೇ ಇರುವವರು ರಾಜಕೀಯ ಮಾತಾಡುತ್ತಾರೆ, ಪರದೇಶದಲ್ಲಿ ಇರುವವರು ಮೂಲಸೌಕರ್ಯ ಮಾತಾಡುತ್ತಾರೆ. ಈ ಎರಡನೆಯವರ ಪಾಂಡಿತ್ಯ ಮಗಳು ಯಾವ ಊರಲ್ಲಿದ್ದಾಳೆ ಎಂಬುದನ್ನು ಅವಲಂಬಿಸಿರುತ್ತದೆ. ಸಿಂಗಪುರದ ಅಪ್ಪ ಕಸವಿಲೇವಾರಿಯಲ್ಲಿ ನಿಷ್ಣಾತ. ಡಲ್ಲಾಸಿನ ಅಪ್ಪನಿಗೆ ನಮ್ಮ ಯಾವ ರಸ್ತೆಯೂ ರಸ್ತೆಯಲ್ಲ. ನಾಗರಬಾವಿಯ ನಮ್ಮ ಪಾರ್ಕಿಗೆ ವಾಕಿಂಗಿಗೆ ಬರುವ ಮಹನೀಯರೊಬ್ಬರ ಮಗಳು ಮೆಲ್ಬರ್ನಿನಲ್ಲಿದ್ದಾಳೆ. ಆದ್ದರಿಂದ ಅವರು ಟ್ರ್ಯಾಮ್ ರಾಯರು. ನಿಜವಾದ ಹೆಸರು ಪಿಂಚಣಿ ಕೊಡುವ ಬ್ಯಾಂಕಿಗೆ ಗೊತ್ತಿದ್ದರೆ ಸಾಕು.

ಮಗಳ ಬಾಣಂತನಕ್ಕೆಂದು ದಂಪತಿ ಆರು ತಿಂಗಳು ಹೋಗಿಬಂದಿದ್ದರು. ಬಾಣಂತನ ಮಾಡಿದ್ದು ಹೆಂಡತಿ. ರಾಯರು ಮನೆಯಲ್ಲಿದ್ದು ಎಣ್ಣೆನೀರಿನ ಬಗ್ಗೆ ಸಲಹೆ ಕೊಡಲು ಶುರುಮಾಡಿದ ಮೇಲೆ ಅಳಿಯ ದಿನಾ ಬೆಳಗ್ಗೆ ಅವರನ್ನು ಊರ ನಡುಮಧ್ಯೆ ಇಳಿಸಿ, ಸಂಜೆ ಹತ್ತಿಸಿಕೊಂಡು ಬರುವ ವ್ಯವಸ್ಥೆ ಮಾಡಿದ. ಅಲ್ಲಿ ನಗರದ ಕೇಂದ್ರಭಾಗದಲ್ಲಿ 2015ರಿಂದ ಟ್ರ್ಯಾಮು ಪುಕ್ಕಟೆ. 35ನೇ ನಂಬರಿನ ಹಳೇಕಾಲದ ಟ್ರ್ಯಾಮಂತೂ ಪ್ರವಾಸಿಗರಿಗಾಗಿಯೇ ಪ್ರದಕ್ಷಿಣೆ ಹಾಕುತ್ತದೆ. ಪುಕ್ಕಟೆ ಸೀಟು, ಕಿಟಕಿ ಪಕ್ಕ, ಡಬ್ಬಿಯಲ್ಲಿ ಅವಲಕ್ಕಿ. ಒಬ್ಬ ಸಾರಿಗೆ ತಜ್ಞ ತಯಾರಾಗಲು ಇನ್ನೇನು ಬೇಕು?

ವಾಪಸ್ಸು ಬಂದಮೇಲೆ ಅವರ ಸಿದ್ಧಾಂತ ಒಂದೇ. ರೈಲು ಎಂಬುದು ರಸ್ತೆಯ ಮಟ್ಟದಲ್ಲೇ ಓಡಬೇಕು. “ಆಕಾಶಕ್ಕೆ ಹಕ್ಕಿ, ಪಾತಾಳಕ್ಕೆ ಹೆಗ್ಗಣ, ನೆಲಕ್ಕೆ ಮನುಷ್ಯ. ಇದು ದೇವರು ಮಾಡಿದ ಏರ್ಪಾಡು ಕಣ್ರೀ.”

ವಾಕಿಂಗ್ ಮುಗಿಸಿ ಎಲ್ಲರೂ ದರ್ಶಿನಿಯಲ್ಲಿ ಬೈಟು ಕಾಫಿಗೆ ನಿಂತಾಗ ಸಿದ್ಧಾಂತಕ್ಕೆ ನಕ್ಷೆ ಬರುತ್ತದೆ. ಸ್ಟೀಲ್ ಮೇಜಿನ ಮೇಲೆ ಬೆರಳನ್ನು ನೀರಿಗದ್ದಿ ಎರಡು ಗೆರೆ ಎಳೆದರೆ ಅದು ರಿಂಗ್ ರೋಡ್. ನಡುವೆ ಜೋಡಿಸಿಟ್ಟ ಎರಡು ಚಮಚ, ಹಳಿ. ಯಾರದೋ ತಟ್ಟೆಯ ಉದ್ದಿನವಡೆ ನಾಗರಬಾವಿ ಸರ್ಕಲ್. “ಜೋಡಿ ಹಳಿಗೆ ಬೇಕಾದ್ದು ಬರೀ ಏಳು ಮೀಟರು. ಕಂಬ ಬೇಡ, ಸುರಂಗ ಬೇಡ. ಮೇಲೆ ಹೋಗೋದಕ್ಕಿಂತ ಕೆಳಗೆ ಹೋಗೋದಕ್ಕೆ ಎರಡು ಮೂರು ಪಟ್ಟು ದುಡ್ಡು, ಗೊತ್ತಾ? ನೆಲದ ಮೇಲಾದ್ರೆ ಇದ್ಯಾವುದರ ರಗಳೆಯೂ ಇಲ್ಲ.” ಅಷ್ಟರಲ್ಲಿ ವಡೆಯ ಮಾಲೀಕರು ಸರ್ಕಲ್ಲನ್ನು ಚಟ್ನಿಗೆ ಅದ್ದುತ್ತಾರೆ.

ಮೊದಲ ವಿರೋಧ ನಿವೃತ್ತ ಬ್ಯಾಂಕ್ ಮ್ಯಾನೇಜರರದು. ಅವರದು ಮೇಲಿನ ಪಕ್ಷ. ಕಾರಿರುವವರೆಲ್ಲ ಮೇಲಿನ ಪಕ್ಷವೇ. ರೈಲು ಮೇಲೆ ಹೋದಷ್ಟೂ ಕೆಳಗೆ ತಮಗೆ ಜಾಗ ಉಳಿಯುತ್ತದಲ್ಲ. “ನಿಮ್ಮ ಮೆಲ್ಬರ್ನಿನ ದೊಡ್ಡ ಟ್ರ್ಯಾಮಲ್ಲೂ ಹಿಡಿಸೋದು ಇನ್ನೂರು ಚಿಲ್ಲರೆ ಜನ. ನಮ್ಮ ಆರು ಬೋಗಿ ಮೆಟ್ರೊದಲ್ಲಿ ಎರಡು ಸಾವಿರ. ಲೆಕ್ಕ ಹಾಕಿ ರಾಯರೇ.” ಈ ಲೆಕ್ಕಕ್ಕೆ ರಾಯರ ಬಳಿ ಉತ್ತರವಿಲ್ಲ. ಉತ್ತರವಿಲ್ಲದಾಗ ಅವರು ಖಡ್ಗಮೃಗದ ಕಥೆಗೆ ಹೋಗುತ್ತಾರೆ.

ಅದೂ ನಿಜವಾದ ಕಥೆಯೇ. ಟ್ರ್ಯಾಮು ಗಕ್ಕನೆ ನಿಲ್ಲದು, ಹುಷಾರು ಎಂದು ಹೇಳಲು ಮೆಲ್ಬರ್ನಿನವರು ಸ್ಕೇಟ್‌ಬೋರ್ಡ್ ಮೇಲೆ ಬರುವ ಖಡ್ಗಮೃಗದ ಜಾಹೀರಾತು ಹಾಕಿದ್ದರು. ಒಂದು ಟ್ರ್ಯಾಮ್ 30 ಖಡ್ಗಮೃಗಗಳ ತೂಕವಂತೆ. “ಅದನ್ನ ನೋಡಿ ಜನ ದೂರ ನಿಲ್ತಾರೆ, ಅದು ನಾಗರಿಕತೆ” ಎಂದರು ರಾಯರು. ಮ್ಯಾನೇಜರರು ನಿಧಾನಕ್ಕೆ, “ನಮ್ಮೋರು 30 ಖಡ್ಗಮೃಗ ಒಟ್ಟಿಗೆ ಬಂದ್ರೂ ಅಂಗೈ ಅಡ್ಡ ಹಿಡಿದು ರಸ್ತೆ ದಾಟ್ತಾರೆ” ಎಂದರು.

ಇದಕ್ಕಿಂತ ಗಂಭೀರವಾದ ತೊಡಕು ನೀರಿನ ಟ್ಯಾಂಕರಿನದು. ಬಸ್ಸಾದರೆ ಪಕ್ಕಕ್ಕೆ ತಿರುಗಿಸಿ ಹೋಗಬಹುದು; ಹಳಿಯ ಮೇಲಿನ ಗಾಡಿಗೆ ಆ ಸೌಭಾಗ್ಯವಿಲ್ಲ. ಟ್ಯಾಂಕರಿನವನು ಪೈಪು ಸುತ್ತಿಡುವವರೆಗೆ ಹಿಂದಿನ ಟ್ರ್ಯಾಮುಗಳೆಲ್ಲ ಗಂಟೆ ಬಾರಿಸುತ್ತ ನಿಂತಿರಬೇಕು. ಗಣೇಶನ ಪೆಂಡಾಲಿನ ಮಾತು ಎತ್ತಲೇ ಬಾರದು. ಮೆಲ್ಬರ್ನಿನಲ್ಲೂ ರಸ್ತೆ ಹಂಚಿಕೊಂಡ ಟ್ರ್ಯಾಮು ಕಾರಿನ ಹಿಂದೆ, ಸಿಗ್ನಲ್ಲಿನ ಮುಂದೆ ಕಾಯುತ್ತದೆ. ಹಳೆಯ ರೈಲು ದಾರಿಯನ್ನೇ 1987ರಲ್ಲಿ ಲಘು ರೈಲಿಗೆ ಬಿಟ್ಟುಕೊಟ್ಟ ಸೇಂಟ್ ಕಿಲ್ಡಾ, ಪೋರ್ಟ್ ಮೆಲ್ಬರ್ನ್ ಮಾರ್ಗಗಳಲ್ಲಿ ಅದಕ್ಕೆ ಸ್ವಂತ ದಾರಿ ಇದೆ, ಅಡ್ಡಿ ಇಲ್ಲದೆ ಓಡುತ್ತದೆ. ನೆಲವೋ ಆಕಾಶವೋ ಎನ್ನುವುದಕ್ಕಿಂತ ದಾರಿ ಯಾರದು ಎನ್ನುವುದೇ ದೊಡ್ಡದು ಅಂತ ನನಗನ್ನಿಸುತ್ತದೆ. ಆದರೆ ನಾನು ಪಾರ್ಕಿನಲ್ಲಿ ಕಿರಿಯ. ಕಾಫಿ ಬಿಲ್ ಕೊಡುವ ಹಕ್ಕು ಮಾತ್ರ ನನ್ನದು.

ಮೆಲ್ಬರ್ನಿನ ಕೆಲವು ಚೌಕಗಳಲ್ಲಿ ಹಳಿಗೆ ಅಡ್ಡ ನಿಲ್ಲಬಾರದೆಂದು, ಬಲಕ್ಕೆ ತಿರುಗುವ ಕಾರುಗಳು ಎಡಪಕ್ಕದಲ್ಲಿ ಹೋಗಿ, ಕಾದು, ಆಮೇಲೆ ಬಲಕ್ಕೆ ತಿರುಗುತ್ತವೆ. ರಾಯರು ಇದನ್ನು ಮಹಾ ಶಿಸ್ತೆಂದು ಬಣ್ಣಿಸಿದಾಗ ನಾವ್ಯಾರೂ ಬೆರಗಾಗಲಿಲ್ಲ. ಎಡತುದಿಯಿಂದ ಬಲಕ್ಕೆ ತಿರುಗುವುದು ನಮ್ಮ ಆಟೋಗಳಿಗೆ ರೂಢಿಯೇ. ಕಾಯುವುದೊಂದು ಬಾಕಿ.

ಗುಂಪಿನಲ್ಲಿ ಧಾರವಾಡದ ಮೇಷ್ಟ್ರೊಬ್ಬರಿದ್ದಾರೆ. ಅವರು ಅಪರೂಪಕ್ಕೆ ಬಾಯಿಬಿಡುತ್ತಾರೆ. “ನಮ್ಮೂರಾಗ ಚಿಗರಿ ಬಸ್ಸಿಗೆ ರಸ್ತೆ ನಡುವ ಬ್ಯಾರೆ ದಾರಿನ ಮಾಡ್ಯಾರ್ರಿ. ಬಸ್ಸು ಏನೋ ಚಲೋ ಓಡತದ. ಬಾಜೂಕ ನಿಂತ ಗಾಡಿಯವರ ಬೈಗುಳ ಮಾತ್ರ ಕೇಳಾಕ ಆಗಂಗಿಲ್ಲ.” ರಾಯರು ಇದನ್ನು ತಮ್ಮ ಪರವಾದ ಸಾಕ್ಷ್ಯವೆಂದು ದಾಖಲಿಸಿಕೊಂಡರು. ಮ್ಯಾನೇಜರರೂ ಅಷ್ಟೇ.

“1994ರಲ್ಲೇ ಈ ಊರಿಗೆ ಲಘು ರೈಲು ತರೋಕೆ ಕಂಪನಿ ಮಾಡಿದ್ರು. ಬಂದಿದ್ರೆ ಇವತ್ತು ಈ ಗತಿ ಇರ್ತಿರಲಿಲ್ಲ” ಎಂದು ರಾಯರು ನಿಟ್ಟುಸಿರಿಟ್ಟಾಗ, ಆ ಯೋಜನೆಯೂ ಕಂಬದ ಮೇಲಿನದೇ ಆಗಿತ್ತು ಎಂದು ಯಾರೋ ನೆನಪಿಸಿದರು. ರಾಯರು ಕೇಳಿಸದವರಂತೆ ಶೂ ಲೇಸ್ ಬಿಗಿ ಮಾಡಿಕೊಂಡರು. ಮೆಲ್ಬರ್ನಿನಲ್ಲೇ ಕಾಲ್‌ಫೀಲ್ಡ್‌ನಿಂದ ಡಾಂಡೆನಾಂಗ್‌ವರೆಗಿನ ಒಂಬತ್ತು ಲೆವೆಲ್ ಕ್ರಾಸಿಂಗ್ ತೆಗೆಯಲು ರೈಲನ್ನು ಕಂಬದ ಮೇಲೆ ಹತ್ತಿಸಿದ್ದು, ಹಿತ್ತಿಲು ಕಾಣುತ್ತದೆಂದು ಪಕ್ಕದ ಮನೆಯವರು ಗಲಾಟೆ ಮಾಡಿದ್ದು, 2018ಕ್ಕೆ ಕೆಲಸ ಮುಗಿದದ್ದು, ಇದ್ಯಾವುದನ್ನೂ ಅವರು ನಮಗೆ ಹೇಳಿದವರಲ್ಲ.

2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಮೆಟ್ರೊದ ಮೂರನೇ ಹಂತಕ್ಕೆ ಒಪ್ಪಿಗೆ ಕೊಟ್ಟಿತು. 44.65 ಕಿಲೋಮೀಟರು, 15,611 ಕೋಟಿ ರೂಪಾಯಿ, ಬಹುಪಾಲು ನಮ್ಮ ರಿಂಗ್ ರೋಡಿನ ನೆತ್ತಿಯ ಮೇಲೆ. ಸಾಲದ್ದಕ್ಕೆ ರಾಗಿಗುಡ್ಡ–ಸಿಲ್ಕ್ ಬೋರ್ಡ್ ಮಾದರಿಯಲ್ಲಿ ಇಲ್ಲೂ ಡಬಲ್ ಡೆಕ್ಕರ್ ಎಂದರು: ಕೆಳಗೆ ರಸ್ತೆ, ಮೇಲೆ ಫ್ಲೈಓವರ್, ಅದರ ಮೇಲೆ ರೈಲು. ರಾಯರು ಸಿಡಿದೇಳುತ್ತಾರೆಂದು ಎಲ್ಲರೂ ಕಾದೆವು. ಅವರು ಪೇಪರನ್ನು ಮಡಿಸಿ, ಎಡ ಮೊಣಕಾಲನ್ನು ಎರಡೂ ಕೈಯಲ್ಲಿ ಒತ್ತಿಕೊಂಡು, ಜಯದೇವ ಜಂಕ್ಷನ್ ವಿಷಯ ತೆಗೆದರು. ಅಂಡರ್‌ಪಾಸು, ರಸ್ತೆ, ಫ್ಲೈಓವರು, ಅದರ ಮೇಲೆ ಒಂದರ ಮೇಲೊಂದು ಎರಡು ಮೆಟ್ರೊ. ಮೊನ್ನೆ ಹೋಗಿದ್ದರಂತೆ.

“ಹತ್ತೋದಕ್ಕೆ ಎಸ್ಕಲೇಟರ್ ಇಡ್ತಾರೆ, ಸರಿ. ಇಳಿಯೋದಕ್ಕೂ ಇಡ್ತಾರೇನ್ರೀ?”

ಮೆಲ್ಬರ್ನಿನ ಹೊಸ ಟ್ರ್ಯಾಮುಗಳ ತಳ ಪ್ಲಾಟ್‌ಫಾರಮ್ಮಿನ ಸಮಕ್ಕೇ ಇರುತ್ತದೆ, ಒಂದು ಮೆಟ್ಟಿಲೂ ಹತ್ತಬೇಕಿಲ್ಲ ಎಂದು ಅವರು ಸಾವಿರ ಸಲ ಹೇಳಿದ್ದು ನಮಗೆಲ್ಲ ಆಗ ಒಟ್ಟಿಗೇ ನೆನಪಾಯಿತು. ಯಾರೂ ಮೊಣಕಾಲಿನ ಕಡೆ ನೋಡಲಿಲ್ಲ.

“ಲಿಫ್ಟ್ ಇರತದಲ್ರಿ ರಾಯರ” ಎಂದರು ಧಾರವಾಡದ ಮೇಷ್ಟ್ರು.

ರಾಯರು ಎದ್ದು ನಿಂತು ಮಂಕಿಕ್ಯಾಪ್ ಸರಿಪಡಿಸಿಕೊಂಡರು. “ಲಿಫ್ಟು ವಯಸ್ಸಾದವರಿಗೆ ಕಣ್ರೀ.”